ವಾರ್ಡಿಗೆ ಹೊಸಬರೇ? ಮೊದಲು ಪೇಷಂಟ್‌ನ ಕೇಳಿ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ನರ್ಸಿಂಗ್ ಓದುತ್ತಿರುವವರು, ಈಗಷ್ಟೇ ಡ್ಯೂಟಿಗೆ ಸೇರಿದವರು ನನ್ನನ್ನು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. ನೀತಿ ತತ್ವಗಳೆಲ್ಲ ಬಾಯಿಪಾಠ ಆಗಿವೆ ಮೇಡಂ, ಪರೀಕ್ಷೆಯಲ್ಲಿ ಬರೆದು ಮಾರ್ಕ್ಸೂ ತಗೊಂಡಿದ್ದೇವೆ, ಆದರೆ ಅಜ್ಜನ ಮಗ ಕಾರಿಡಾರಿನಲ್ಲಿ ಕೈ ಹಿಡಿದು "ಅಪ್ಪಗ ಹೇಳಬ್ಯಾಡ್ರಿ ಸಿಸ್ಟರ್" ಅಂತ ಅಳುತ್ತಾ ನಿಂತರೆ ಏನು ಮಾಡಬೇಕು? ಒಬ್ಬೊಬ್ಬರಿಗೇ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಒಮ್ಮೆ ಕೂತು ಬರೆದಿದ್ದೇನೆ.

ಓದಿದ್ದು ಮರೆತಿದ್ದರೆ ಬೇಗ ನೆನಪು ಮಾಡಿಕೊಳ್ಳಿ. ಅಟಾನಮಿ ಅಂದರೆ ತನ್ನ ಮೈಗೆ ಏನಾಗಬೇಕು ಅನ್ನುವುದನ್ನು ಪೇಷಂಟೇ ತೀರ್ಮಾನ ಮಾಡುವುದು. ಬೆನಿಫಿಸೆನ್ಸ್ ಅಂದರೆ ಅವರಿಗೆ ಒಳ್ಳೆಯದಾಗುವಂತೆ ನೋಡಿಕೊಳ್ಳುವುದು. ನಾನ್‌-ಮೆಲಿಫಿಸೆನ್ಸ್ ಅಂದರೆ ನಮ್ಮ ಕೈಯಿಂದ ಕೆಟ್ಟದ್ದು ಆಗದಿರುವುದು. ಜಸ್ಟೀಸ್ ಅಂದರೆ ಭೇದ ಮಾಡದಿರುವುದು. ಇವುಗಳ ಜೊತೆಗೆ ನಿಜ ಹೇಳುವುದು ಮತ್ತು ಕೊಟ್ಟ ಮಾತು ಉಳಿಸಿಕೊಳ್ಳುವುದು. ಅಂತಾರಾಷ್ಟ್ರೀಯ ನರ್ಸ್‌ಗಳ ಮಂಡಳಿ 1953ರಲ್ಲೇ ನೀತಿ ಸಂಹಿತೆ ಮಾಡಿದೆ, 2021ರಲ್ಲಿ ಅದನ್ನು ಹೊಸದಾಗಿ ತಿದ್ದಿದೆ. ಭಾರತೀಯ ನರ್ಸಿಂಗ್ ಕೌನ್ಸಿಲ್‌ನದೂ ಒಂದು ಇದೆ. ಎರಡೂ ಚಿಕ್ಕವು, ಓದಿ.

ಕಷ್ಟ ಎಲ್ಲಿ ಅಂದರೆ, ಬೆಡ್ ಹತ್ತಿರ ಈ ತತ್ವಗಳು ಒಂದೊಂದಾಗಿ ಸಾಲಿನಲ್ಲಿ ಬರುವುದಿಲ್ಲ, ಒಂದಕ್ಕೊಂದು ಜಗಳ ಆಡುತ್ತಲೇ ಬರುತ್ತವೆ. ಪೇಷಂಟ್ ಬೇಡ ಅನ್ನುತ್ತಾರೆ, ಅವರಿಗೆ ಅದೇ ಬೇಕಾಗಿರುತ್ತದೆ. ಆಗ ನಾನು ಹಿಡಿದುಕೊಳ್ಳುವುದು ಒಂದನ್ನೇ. ಮನೆಯವರನ್ನು ಕೇಳುವ ಮೊದಲು, ಡಾಕ್ಟರನ್ನು ಕೇಳುವ ಮೊದಲು, ಪೇಷಂಟ್‌ನ ಕೇಳುವುದು.

ಶುರು ಮಾಡುವ ಮುಂಚೆ ನಿಮ್ಮ ಹತ್ತಿರ ಇರಬೇಕಾದ್ದು ಇಷ್ಟು. ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ, ಜೇಬಿನಲ್ಲಿ ಒಂದು ಚಿಕ್ಕ ಡೈರಿ, ಒಂದು ನೀಲಿ ಅಥವಾ ಕಪ್ಪು ಪೆನ್ನು. ಆಸ್ಪತ್ರೆಯಲ್ಲಿ ಒಪ್ಪಿಗೆ ಪತ್ರ ಹೇಗಿದೆ, ತಪ್ಪು ಆದರೆ ತುಂಬುವ ಇನ್ಸಿಡೆಂಟ್ ಫಾರ್ಮ್ ಎಲ್ಲಿದೆ, ರಾತ್ರಿ ಯಾರಿಗೆ ಫೋನ್ ಮಾಡಬೇಕು, ಈ ಮೂರನ್ನು ಮೊದಲ ದಿನವೇ ಕೇಳಿ ತಿಳಿದುಕೊಳ್ಳಿ. ಆಮೇಲೆ ಕೇಳಲು ನಾಚಿಕೆ ಆಗುತ್ತದೆ.

1. ಹೆಸರು ಕೇಳಿ, ನಿಮ್ಮ ಹೆಸರು ಹೇಳಿ

ನಮ್ಮ ಕಡೆ ಒಂದೇ ವಾರ್ಡಿನಲ್ಲಿ ಮೂವರು ಬಸವ್ವ, ಇಬ್ಬರು ಯಲ್ಲಪ್ಪ ಇರುವುದು ದಿನದ ಮಾತು. ಅದಕ್ಕೇ ಹೆಸರಿನ ಜೊತೆ ಐಪಿ ನಂಬರ್, ಅಂದರೆ ಅಡ್ಮಿಟ್ ಆದಾಗ ಕೊಡುವ ನಂಬರ್, ನೋಡಬೇಕು. ಬೆಡ್ ನಂಬರ್ ನಂಬಬೇಡಿ, ಫ್ಯಾನ್ ಗಾಳಿ ಬರುವ ಕಡೆ ಅಂತ ಅವರವರೇ ಬೆಡ್ ಬದಲಾಯಿಸಿಕೊಂಡಿರುತ್ತಾರೆ.

ಕೇಳುವ ರೀತಿಯಲ್ಲೂ ಒಂದು ಗುಟ್ಟಿದೆ. "ನೀವು ಬಸವ್ವ ಅಲ್ರೀ?" ಅಂತ ಕೇಳಬೇಡಿ. ಕಿವಿ ಸರಿಯಾಗಿ ಕೇಳದ ಅಜ್ಜಿ ಎಲ್ಲದಕ್ಕೂ "ಹೂಂ" ಅನ್ನುತ್ತಾಳೆ. "ನಿಮ್ಮ ಹೆಸರೇನ್ರೀ?" ಅಂತ ಕೇಳಿ, ಅವರ ಬಾಯಿಂದಲೇ ಬರಲಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಈ ಹೂಂ ನಂಬಿ ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಕೊಟ್ಟಿದ್ದೆ. ಜ್ವರದ ಮಾತ್ರೆ, ಏನೂ ಆಗಲಿಲ್ಲ. ಆದರೆ ಅದನ್ನು ಯಾರಿಗೂ ಹೇಳದೆ ಒಂದು ತಾಸು ಮುಚ್ಚಿಟ್ಟುಕೊಂಡಿದ್ದೆನಲ್ಲ, ಆ ಒಂದು ತಾಸು ಇವತ್ತಿಗೂ ನೆನಪಿದೆ.

ಅಜ್ಜಾ, ಯವ್ವಾ ಅಂತ ಕರೆಯಬಹುದೇ ಅಂತ ಕೆಲವರು ಕೇಳುತ್ತಾರೆ. ಕರೆಯಿರಿ, ಅದರಲ್ಲಿ ಪ್ರೀತಿ ಇದೆ. "ಎಂಟನೇ ಬೆಡ್ಡಿನ ಹರ್ನಿಯಾ" ಅಂತ ಮಾತ್ರ ಕರೆಯಬೇಡಿ.

2. ಕೇಳದೆ ಮುಟ್ಟಬೇಡಿ

ಒಪ್ಪಿಗೆ ಅಂದ ಕೂಡಲೇ ಎಲ್ಲರಿಗೂ ಆಪರೇಷನ್ ಕಾಗದ ನೆನಪಾಗುತ್ತದೆ. ನಿಮ್ಮ ಕೆಲಸದಲ್ಲಿ ಒಪ್ಪಿಗೆ ಅದಕ್ಕಿಂತ ಬಹಳ ಮೊದಲೇ ಶುರು. ಬಿಪಿ ನೋಡುವ ಮುಂಚೆ "ಕೈ ಕೊಡ್ರಿ, ಬಿಪಿ ನೋಡ್ತೀನಿ" ಅನ್ನುವುದೂ ಒಪ್ಪಿಗೆಯೇ. ಕ್ಯಾತಿಟರ್ ಹಾಕುವ ಮುಂಚೆ, ಅಂದರೆ ಮೂತ್ರ ಹೋಗಲು ನಳಿಗೆ ಹಾಕುವ ಮುಂಚೆ, ಯಾಕೆ, ಎಷ್ಟು ನೋವಾಗಬಹುದು, ಎಷ್ಟು ದಿನ ಇರುತ್ತದೆ ಅಂತ ಹೇಳಿ. ಪರದೆ ಎಳೆಯಿರಿ. ಪರದೆ ಇಲ್ಲದಿದ್ದರೆ ಜೊತೆಗೆ ಬಂದವರನ್ನು ಹೊರಗೆ ಕಳಿಸಿ ಸೀರೆಯನ್ನಾದರೂ ಅಡ್ಡ ಹಿಡಿಸಿ. ಪುರುಷ ನರ್ಸ್ ಆಗಿದ್ದರೆ ಹೆಣ್ಣು ಪೇಷಂಟ್‌ಗೆ ಇಂಥ ಕೆಲಸ ಮಾಡುವಾಗ ಜೊತೆಗೆ ಒಬ್ಬ ಹೆಣ್ಣು ಸಿಬ್ಬಂದಿ ಇರಲಿ, ಅದು ಇಬ್ಬರಿಗೂ ಒಳ್ಳೆಯದು.

ಇನ್ನು ಕಾಗದದ ಮಾತು. ಆಪರೇಷನ್ ಬಗ್ಗೆ ವಿವರಿಸುವುದು ಅದನ್ನು ಮಾಡುವ ಡಾಕ್ಟರ್ ಕೆಲಸ, ನಿಮ್ಮದಲ್ಲ. ಪೇಷಂಟ್‌ಗೆ ತಿಳಿದಿದೆಯೋ ಇಲ್ಲವೋ ನೋಡುವುದು, ಸಹಿಗೆ ಸಾಕ್ಷಿ ಆಗುವುದು ನಿಮ್ಮ ಕೆಲಸ. "ನಾಳೆ ಏನ್ ಮಾಡ್ತಾರ ಅಂತ ಹೇಳ್ಯಾರ್ರೀ?" ಅಂತ ಕೇಳಿ ನೋಡಿ. "ಅದೇನೋ ಹೊಟ್ಟೀದು" ಅಂತ ಉತ್ತರ ಬಂದರೆ ಕಾಗದ ಮುಂದೆ ಇಡಬೇಡಿ, ಡಾಕ್ಟರಿಗೆ ಇನ್ನೊಮ್ಮೆ ಹೇಳಲು ಹೇಳಿ.

ಇಲ್ಲಿ ಜಾಸ್ತಿ ಜನ ಜಾರುವುದು ಹೀಗೆ:

ಅಡ್ಮಿಷನ್ ಹೊತ್ತಿನಲ್ಲೇ ಹತ್ತು ಕಾಗದದ ನಡುವೆ ಖಾಲಿ ಒಪ್ಪಿಗೆ ಪತ್ರಕ್ಕೂ ಹೆಬ್ಬೆಟ್ಟು ಹಾಕಿಸಿಕೊಳ್ಳುವುದು. ಅದು ಒಪ್ಪಿಗೆ ಅಲ್ಲ, ಸುಮ್ನೆ ಶಾಯಿ. ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ನಡೆಯುವುದೂ ಇಲ್ಲ. ಒಳಗೆ ಕ್ಯಾಮೆರಾ ಹಾಕಿ ನೋಡಲು ಒಪ್ಪಿದ್ದ ಮಹಿಳೆಗೆ ಅರಿವಳಿಕೆಯಲ್ಲಿದ್ದಾಗ ತಾಯಿಯನ್ನು ಕೇಳಿ ಗರ್ಭಕೋಶವನ್ನೇ ತೆಗೆದ ಪ್ರಕರಣದಲ್ಲಿ, ಆ ಒಪ್ಪಿಗೆ ಸಲ್ಲದು ಅಂತ 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

"ಯಜಮಾನ್ರು ಬರಲಿ, ಅವರು ಸಹಿ ಮಾಡ್ತಾರ." ಹದಿನೆಂಟು ತುಂಬಿದ, ತಿಳಿವಳಿಕೆ ಸರಿಯಿರುವ ಹೆಣ್ಣುಮಗಳ ಮೈಗೆ ಅವಳ ಸಹಿಯೇ ಸಹಿ. ಗರ್ಭಪಾತದ ಕಾಯ್ದೆ 1971ರದ್ದು, ಅದರಲ್ಲೂ ವಯಸ್ಕ ಹೆಣ್ಣಿನ ಒಪ್ಪಿಗೆ ಒಂದೇ ಸಾಕು, ಗಂಡನದು ಬೇಕು ಅಂತ ಇಲ್ಲ. ಗಂಡ ಜೊತೆಗಿದ್ದರೆ ಒಳ್ಳೆಯದು, ಆದರೆ ಅವಳ ಬದಲಿಗೆ ಅಲ್ಲ.

ಭಾಷೆ. ಗದಗ, ಹಾವೇರಿ ಕಡೆಯ ತಾಂಡಾಗಳಿಂದ ಬರುವ ಲಂಬಾಣಿ ಅಜ್ಜಿಯರಿಗೆ, ಉರ್ದು ಮಾತ್ರ ಬರುವ ಹೆಂಗಸರಿಗೆ ನಿಮ್ಮ ಕನ್ನಡ ಅರ್ಧವೇ ತಲುಪುತ್ತದೆ. ಆ ಭಾಷೆ ಬಲ್ಲ ಸಿಬ್ಬಂದಿಯನ್ನು ಹುಡುಕಿ. ಪಕ್ಕದಲ್ಲಿ ನಿಂತ ಹತ್ತು ವರ್ಷದ ಮೊಮ್ಮಗನ ಬಾಯಲ್ಲಿ "ಗರ್ಭಕೋಶ", "ಕ್ಯಾನ್ಸರ್" ಹೇಳಿಸಬೇಡಿ.

ಪೇಷಂಟ್ ಬೇಡ ಅಂದರೆ? ಬೈಯಬೇಡಿ, "ಹಂಗಾರ ಮನಿಗೆ ಹೋಗ್ರಿ" ಅನ್ನಬೇಡಿ. ಯಾಕೆ ಬೇಡ ಅಂತ ಕೇಳಿ. ಹೆಚ್ಚಿನ ಸಲ ಕಾರಣ ಚಿಕ್ಕದಿರುತ್ತದೆ. ಉಪವಾಸ ಇರುತ್ತದೆ, ಹಿಂದಿನ ಸಲದ ಸೂಜಿ ನೋವು ಇರುತ್ತದೆ, ದುಡ್ಡಿನ ಚಿಂತೆ ಇರುತ್ತದೆ. ಅದನ್ನು ತೆಗೆದ ಮೇಲೂ ಬೇಡ ಅಂದರೆ ಡಾಕ್ಟರಿಗೆ ತಿಳಿಸಿ, ಅವರ ಮಾತನ್ನು ಅವರದೇ ಶಬ್ದದಲ್ಲಿ ಬರೆದಿಡಿ.

ಪ್ರಜ್ಞೆ ಇಲ್ಲ, ಜೊತೆಗೆ ಯಾರೂ ಇಲ್ಲ, ಜೀವ ಹೋಗುವಂತಿದೆ ಅಂದರೆ ಸಹಿಗೆ ಕಾಯುವಂತಿಲ್ಲ. ಅಪಘಾತದಂಥ ಪೊಲೀಸ್ ಕೇಸಾದರೂ ಅಷ್ಟೇ. ಪೊಲೀಸ್ ಕಾಗದ ಆಮೇಲೆ, ಮೊದಲು ಜೀವ ಉಳಿಸಿ ಅಂತ 1989ರಲ್ಲೇ ಸುಪ್ರೀಂ ಕೋರ್ಟ್ ಹೇಳಿ ಆಗಿದೆ.

3. ಮನೆಯವರು "ಹೇಳಬ್ಯಾಡ್ರಿ" ಅಂದಾಗ

ಎಲ್ಲರೂ ಕೇಳುವುದು ಇದನ್ನೇ, ಸ್ವಲ್ಪ ನಿಧಾನವಾಗಿ ಓದಿ.

ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ಬಂದ ಎಷ್ಟೋ ಪೇಷಂಟ್‌ಗಳಿಗೆ ಅಲ್ಲಿ ಹೊಟ್ಟೆಯ ಗಾಯ ತೋರಿಸಿಕೊಂಡು ಬಂದೆವು ಅಂತಲೇ ಮನೆಯವರು ಹೇಳಿರುತ್ತಾರೆ. ಅವರನ್ನು ಕೆಟ್ಟವರು ಅಂದುಕೊಳ್ಳಬೇಡಿ. ಕೇಳಿದ ಕೂಡಲೇ ಅಪ್ಪ ಎದೆಗುಂದಿ ಊಟ ಬಿಡುತ್ತಾನೆ ಅನ್ನುವ ಭಯ ಅವರದು. ಆದರೆ ಪೇಷಂಟ್‌ಗೆ ಏನೂ ಗೊತ್ತಿಲ್ಲ ಅನ್ನುವುದು ಹೆಚ್ಚಿನ ಸಲ ಮನೆಯವರ ನಂಬಿಕೆ ಅಷ್ಟೇ. ಒಬ್ಬ ಅಜ್ಜ ರಾತ್ರಿ ಡ್ಯೂಟಿಯಲ್ಲಿ ನನಗೆ ಹೇಳಿದ್ದು: "ನನಗ ಗೊತ್ತೈತಿ ಬಿಡವ್ವಾ. ಹೊಲದ ವಾಟ್ನಿ ಮಾಡಿ ಹೋಗಬೇಕಂದ್ರ, ಮಾತಾಡಾಕ ಇವರು ಬಿಡವಲ್ರು." ಸುದ್ದಿ ಮುಚ್ಚಿಟ್ಟು ಕಾಪಾಡಿದ್ದೇವೆ ಅಂತ ಮಕ್ಕಳು ತಿಳಿದಿದ್ದರು. ಅಜ್ಜ ಒಬ್ಬನೇ ಕೂತು ಲೆಕ್ಕ ಹಾಕುತ್ತಿದ್ದ.

ಹಾಗಾದರೆ ಮಾಡುವುದೇನು?

ಮೊದಲಿಗೆ, ಮನೆಯವರಿಗೆ "ಆಯ್ತು, ಹೇಳೋದಿಲ್ಲ" ಅಂತ ಮಾತು ಕೊಡಬೇಡಿ. "ನಾನಾಗಿ ಹೋಗಿ ಹೇಳುವುದಿಲ್ಲ. ಆದರೆ ಅವರು ಕೇಳಿದರೆ ಸುಳ್ಳು ಹೇಳಲಿಕ್ಕೆ ನನಗೆ ಆಗುವುದಿಲ್ಲ" ಅನ್ನಿ. ಗಟ್ಟಿ ದನಿ ಬೇಡ, ಮೆತ್ತಗೆ ಹೇಳಿ.

ಪೇಷಂಟ್ "ನನಗ ಏನಾಗೇತಿ?" ಅಂತ ಕೇಳಿದರೆ ತಕ್ಷಣ ರೋಗದ ಹೆಸರು ಹೇಳಬೇಡಿ, ಅದನ್ನು ಮೊದಲ ಸಲ ಹೇಳಬೇಕಾದವರು ಡಾಕ್ಟರ್. "ಏನೂ ಇಲ್ಲ, ಆರಾಮ ಆಗ್ತೀರಿ" ಅಂತಲೂ ಹೇಳಬೇಡಿ. ಪಕ್ಕದಲ್ಲಿ ಕೂತು ಕೇಳಿ: ನಿಮಗೆ ಏನು ಅನ್ನಿಸುತ್ತದೆ? ಎಲ್ಲ ವಿವರ ನಿಮಗೇ ತಿಳಿಯಬೇಕೇ, ಅಥವಾ ಮನೆಯವರ ಹತ್ತಿರ ಮಾತಾಡಿದರೆ ಸಾಕೇ? ಯಾರ ಹತ್ತಿರ?

ಈ ಎರಡನೇ ಪ್ರಶ್ನೆಗೆ "ಮಗನ ಕಡೆ ಹೇಳ್ರಿ, ನನಗ ಬ್ಯಾಡ" ಅಂತ ಉತ್ತರ ಬಂದರೆ ಅದೂ ಅವರದೇ ತೀರ್ಮಾನ. ಬಲವಂತವಾಗಿ ಸತ್ಯ ತುರುಕುವುದು ಅಟಾನಮಿ ಅಲ್ಲ. ಮಗ ಬೇಡ ಅಂದದ್ದಕ್ಕೂ ಅಪ್ಪನೇ ಬೇಡ ಅಂದದ್ದಕ್ಕೂ ಇರುವ ವ್ಯತ್ಯಾಸ ಮಾತ್ರ ಮರೆಯಬೇಡಿ.

ತಿಳಿಯಬೇಕು ಅಂದರೆ ಅದೇ ಪಾಳಿಯಲ್ಲಿ ಡಾಕ್ಟರಿಗೆ ತಿಳಿಸಿ. ಮನೆಯವರನ್ನೂ ಕೂರಿಸಿಕೊಂಡು ಒಟ್ಟಿಗೆ ಮಾತಾಡಲು ಕೇಳಿಕೊಳ್ಳಿ. ನೀವೂ ಅಲ್ಲಿರಿ. ಡಾಕ್ಟರ್ ಎದ್ದು ಹೋದ ಮೇಲೆ ನಿಜವಾದ ಪ್ರಶ್ನೆಗಳು ನಿಮ್ಮ ಹತ್ತಿರವೇ ಬರುತ್ತವೆ.

4. ಗುಟ್ಟು ಕಾಯಿರಿ

ನಮ್ಮದು ಎಲ್ಲರಿಗೂ ಎಲ್ಲರೂ ಸಂಬಂಧಿಕರಾಗುವ ಊರು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ನಿಂತು "ಇವತ್ತ ಒಂದ್ ಕೇಸ್ ಬಂದಿತ್ತು" ಅಂತ ಶುರು ಮಾಡಿದರೆ ಹಿಂದಿನ ಸೀಟಿನಲ್ಲಿ ಅವರ ಬೀಗರೇ ಕೂತಿರುತ್ತಾರೆ. ಹೆಸರು ಹೇಳಲಿಲ್ಲ ಅಂದರೂ ಊರು, ವಯಸ್ಸು, ರೋಗ ಹೇಳಿದರೆ ಸಾಕು, ಗುರುತು ಸಿಕ್ಕಿತು.

ವಾರ್ಡಿನಲ್ಲಿ ರೀಲ್ಸ್ ಬೇಡ, ಗಾಯದ ಫೋಟೊ ವಾಟ್ಸಾಪ್ ಗ್ರೂಪಿಗೆ ಬೇಡ, ಹುಟ್ಟಿದ ಮಗುವಿನ ಫೋಟೊ ಸ್ಟೇಟಸ್ಸಿಗೆ ಬೇಡ. ಡಾಕ್ಟರ್ ಫೋಟೊ ಕಳಿಸಿ ಅಂದರೆ ಪೇಷಂಟ್‌ನ ಕೇಳಿ, ಮುಖ ಬಾರದಂತೆ ತೆಗೆದು, ಅವರೊಬ್ಬರಿಗೇ ಕಳಿಸಿ, ಆಮೇಲೆ ಅಳಿಸಿ. ಫೋನಿನಲ್ಲಿ "ನಾನು ಅವರ ಮಾವ, ಹೆಂಗಿದಾರ?" ಅಂದರೆ "ಜೊತೆಗಿರುವವರನ್ನು ಕೇಳಿರಿ" ಅನ್ನಿ, ಅಷ್ಟೇ.

ಎಚ್‌ಐವಿ ವಿಷಯದಲ್ಲಿ 2017ರ ಪ್ರತ್ಯೇಕ ಕಾಯ್ದೆಯೇ ಇದೆ. ಒಪ್ಪಿಗೆ ಇಲ್ಲದೆ ಟೆಸ್ಟ್ ಇಲ್ಲ, ಒಪ್ಪಿಗೆ ಇಲ್ಲದೆ ಸುದ್ದಿ ಹರಡುವಂತಿಲ್ಲ. ಬೆಡ್ಡಿಗೆ ಕೆಂಪು ಗುರುತು, ಕೇಸ್ ಶೀಟಿನ ಮೇಲೆ ದೊಡ್ಡ ಅಕ್ಷರ, ಈ ಹಳೆಯ ಚಾಳಿ ಬಿಡಿ. ಗ್ಲೌಸ್, ಸೂಜಿ ಎಚ್ಚರಿಕೆ ಎಲ್ಲ ಪೇಷಂಟ್‌ಗಳಿಗೂ ಒಂದೇ ಥರ ಇದ್ದರೆ ಗುರುತಿನ ಅಗತ್ಯವೇ ಇಲ್ಲ.

ಗುಟ್ಟು ಮುರಿಯಲೇಬೇಕಾದ ಜಾಗವೂ ಇದೆ. ಹದಿನೆಂಟರೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಮನೆಯವರು "ಮರ್ಯಾದಿ ಪ್ರಶ್ನೆ" ಅಂದರೂ. ತಿಳಿಸದಿರುವುದೇ ಶಿಕ್ಷೆ ಆಗುವ ತಪ್ಪು. ಡಾಕ್ಟರಿಗೆ ಹೇಳಿ ಕೈ ತೊಳೆದುಕೊಳ್ಳಬೇಡಿ, ವರದಿ ಹೋಯಿತೇ ಅಂತ ನೋಡಿ.

5. ಔಷಧಿ ಕೊಡುವಾಗ

ಸರಿಯಾದ ಪೇಷಂಟ್, ಔಷಧಿ, ಪ್ರಮಾಣ, ದಾರಿ (ಬಾಯಿಂದಲೋ, ಸೂಜಿಯಿಂದಲೋ), ಸಮಯ. ಇದು ಎಲ್ಲರಿಗೂ ಗೊತ್ತು. ಆದ್ದರಿಂದ ಒಂದೇ ಉದಾಹರಣೆ ಕೊಡುತ್ತೇನೆ, ಇನ್ಸುಲಿನ್‌ದು. ನಮ್ಮಲ್ಲಿ ಒಂದು ಮಿಲಿಗೆ 40 ಯೂನಿಟ್ ಇರುವ ಬಾಟಲಿಯೂ ಸಿಗುತ್ತದೆ, 100 ಯೂನಿಟ್ ಇರುವುದೂ ಸಿಗುತ್ತದೆ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಮುಚ್ಚಳ. 100ರ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜಿಗೆ ಎಳೆದರೆ ಪೇಷಂಟ್‌ಗೆ ಎರಡೂವರೆ ಪಟ್ಟು ಹೋಗುತ್ತದೆ. ಸಕ್ಕರೆ ಇಳಿದು ಪ್ರಜ್ಞೆ ತಪ್ಪುತ್ತದೆ, ಜೀವಕ್ಕೂ ಬರಬಹುದು. ಬಾಟಲಿ ಓದಿ, ಮುಚ್ಚಳದ ಬಣ್ಣ ನೋಡಿ, ಇನ್ನೊಬ್ಬರಿಗೂ ತೋರಿಸಿ. ಪೊಟ್ಯಾಷಿಯಂ ಕ್ಲೋರೈಡ್, ಹೆಪಾರಿನ್ ಕೊಡುವಾಗಲೂ ಇಬ್ಬರು ನೋಡಬೇಕು.

ಪೇಷಂಟ್ "ಈ ಗುಳಿಗಿ ದಿನಾ ಕೊಡೋದಲ್ಲ" ಅಂದರೆ ನಿಲ್ಲಿಸಿ, ಕೈ ಹಿಂದೆ ತಗೊಳ್ಳಿ, ಶೀಟ್ ನೋಡಿ. ಅವರು ಹೇಳುವುದು ಸರಿ ಇರುವ ಸಾಧ್ಯತೆ ನೀವಂದುಕೊಂಡದ್ದಕ್ಕಿಂತ ಜಾಸ್ತಿ.

ತಪ್ಪಾಗಿ ಹೋದರೆ ಕ್ರಮ ಹೀಗಿರಲಿ: ಪೇಷಂಟ್‌ನ ನೋಡಿ, ಡಾಕ್ಟರಿಗೆ ಆಗಲೇ ಹೇಳಿ, ಬರೆಯಿರಿ, ವಾರ್ಡಿನ ಇನ್‌ಚಾರ್ಜ್ ಸಿಸ್ಟರ್‌ಗೆ ತಿಳಿಸಿ. ಬೈಗುಳ ಬರುತ್ತದೆ. ಬರಲಿ.

6. ಯಾರು ಮೊದಲು?

ನೋವು, ಉಸಿರಾಟ, ರಕ್ತ ನೋಡಿ ಸರದಿ ಮಾಡಿ. "ಸಾಹೇಬರ ಕಡೆಯವರು" ಅನ್ನುವುದು ರೋಗದ ಲಕ್ಷಣ ಅಲ್ಲ. "ಯಾರ ಪೈಕಿ ನೀವು?" ಅನ್ನುವ ಪ್ರಶ್ನೆ ನಮ್ಮ ಕಡೆ ಊಟ ಆಯ್ತೇನ್ರೀ ಅನ್ನುವಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ. ವಾರ್ಡಿನಲ್ಲಿ ಅದನ್ನು ಹೊರಗಿಡಿ. ಪಕ್ಕದ ಬೆಡ್ಡಿನವರು ಜಾತಿ ನೋಡಿ ಬೆಡ್ ಬದಲಿಸಿ ಅಂದರೆ ಆಗುವುದಿಲ್ಲ ಅನ್ನಿ.

ವಿಷ ಕುಡಿದು ಬಂದವರ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಹಾವೇರಿ, ಗದಗ ಜಿಲ್ಲೆಗಳ ಹಳ್ಳಿಗಳಿಂದ ಕೀಟನಾಶಕ ಕುಡಿದವರನ್ನು ಕರೆತರುವುದು ನಿಮಗೆ ಹೊಸದಲ್ಲ. ಟ್ಯೂಬ್ ಹಾಕುತ್ತಾ "ಕುಡಿಯುವಾಗ ಬುದ್ಧಿ ಎಲ್ಲಿತ್ತು" ಅಂತ ಬೈಯುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ದಯವಿಟ್ಟು ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಇಂಥವರು ತೀವ್ರ ಒತ್ತಡದಲ್ಲಿದ್ದರು ಅಂತ ತಿಳಿಯಬೇಕು ಅನ್ನುತ್ತದೆ. ಅಪರಾಧಿಯ ಥರ ನೋಡಬೇಡಿ. ಆಸ್ಪತ್ರೆಯ ಎಂಎಲ್‌ಸಿ ದಾಖಲೆ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸಿನ ನೋಂದಣಿ, ಅದರ ಪಾಡಿಗೆ ನಡೆಯಲಿ. ಹುಷಾರಾದ ಮೇಲೆ ಮನೋವೈದ್ಯರನ್ನು ಕಾಣಿಸದೆ ಕಳಿಸಬಾರದು. ಮನೆಗೆ ಹೊರಟಾಗ ಟೆಲಿ ಮಾನಸ್, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರ್ 14416 ಬರೆದು ಕೊಡಿ, ಅದು ಉಚಿತ.

ದುಡ್ಡಿನ ಮಾತು. ಹೆರಿಗೆ ಆದ ಮೇಲೆ "ಖುಷಿಗೆ" ಅಂತ ಕೈಗಿಡುವ ನೋಟು, ಗಂಡಾದರೆ ಒಂದು ರೇಟು, ಹೆಣ್ಣಾದರೆ ಇನ್ನೊಂದು. ಸರ್ಕಾರಿ ಆಸ್ಪತ್ರೆಯಲ್ಲಿ ಅದರ ಹೆಸರು ಲಂಚ. ಡಿಸ್ಚಾರ್ಜ್ ದಿನ ಇಡೀ ವಾರ್ಡಿಗೆ ಅಂತ ತಂದ ಪೇಡೆ ಡಬ್ಬಿಯನ್ನು ನಾನು ಬೇಡ ಅನ್ನುವುದಿಲ್ಲ, ಟೇಬಲ್ ಮೇಲಿಟ್ಟು ಆಯಾಗಳಿಂದ ಹಿಡಿದು ಎಲ್ಲರಿಗೂ ಹಂಚುತ್ತೇನೆ. ಚಿಕಿತ್ಸೆ ನಡೆಯುತ್ತಿರುವಾಗ ಬಂದ ಪೇಡೆ ಮಾತ್ರ ವಾಪಸ್. ಅತಿ ಅನ್ನುವವರು ಅನ್ನಲಿ.

ಬಿಲ್ ಬಾಕಿ ಇದೆ ಅಂತ ಮೃತದೇಹ ಇಟ್ಟುಕೊಳ್ಳಲು ನಿಮಗೆ ಯಾರಾದರೂ ಹೇಳಿದರೆ, ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ ಅದಕ್ಕೆ ಒಪ್ಪುವುದಿಲ್ಲ ಅಂತ ನೆನಪಿಸಿ.

7. ಕೈ ಕಟ್ಟುವ ಮುಂಚೆ

ರಾತ್ರಿ ಡ್ರಿಪ್ ಕಿತ್ತುಕೊಳ್ಳುವ ಅಜ್ಜನ ಕೈಯನ್ನು ಮಂಚಕ್ಕೆ ಕಟ್ಟುವುದು ಸುಲಭ. ಮೊದಲು ಯಾಕೆ ಕಿತ್ತುಕೊಳ್ಳುತ್ತಾನೆ ನೋಡಿ. ಮೂತ್ರ ಕಟ್ಟಿರಬಹುದು, ನೋವಿರಬಹುದು, ಕತ್ತಲಲ್ಲಿ ಎಲ್ಲಿದ್ದೇನೆ ಅಂತ ಗೊತ್ತಾಗದೆ ಇರಬಹುದು. ಲೈಟ್ ಹಾಕಿ, ಮಗಳನ್ನು ಪಕ್ಕದಲ್ಲಿ ಕೂರಿಸಿ. ಕಟ್ಟಲೇಬೇಕು ಅಂದರೆ ಡಾಕ್ಟರ್ ಬರೆದ ಆದೇಶ ಬೇಕು, ಮೆತ್ತನೆ ಬಟ್ಟೆ ಬೇಕು, ಆಗಾಗ ಬಿಚ್ಚಿ ಕೈ ಬಣ್ಣ, ಬಿಸಿ ನೋಡಬೇಕು.

ಧಾರವಾಡದ ಡಿಮ್ಹಾನ್ಸ್‌ನಂಥ ಮಾನಸಿಕ ಆಸ್ಪತ್ರೆಗಳಲ್ಲಿ ಕಾನೂನು ಇನ್ನೂ ಬಿಗಿ. ಸರಪಳಿ ಹಾಕುವಂತೆಯೇ ಇಲ್ಲ. ಶಿಕ್ಷೆ ಅಂತ ಕಟ್ಟುವಂತಿಲ್ಲ, ಸಿಬ್ಬಂದಿ ಕಡಿಮೆ ಅನ್ನುವ ಕಾರಣಕ್ಕೂ ಕಟ್ಟುವಂತಿಲ್ಲ. ಕೊನೆಯದನ್ನು ಎರಡು ಸಲ ಓದಿ.

8. ಬರೆಯಿರಿ

ಮಾಡಿದ ಮೇಲೆ ಬರೆಯಿರಿ, ಮಾಡುವ ಮುಂಚೆ ಅಲ್ಲ. ಬೆಳಗ್ಗೆ ಆರಕ್ಕೇ ಹತ್ತು ಗಂಟೆಯ ಟಿಪಿಆರ್ ತುಂಬಿಡುವ ಅಭ್ಯಾಸ ಅನೇಕ ಕಡೆ ಇದೆ. ಟಿಪಿಆರ್ ಅಂದರೆ ಜ್ವರ, ನಾಡಿ, ಉಸಿರಿನ ಲೆಕ್ಕ. ಪೇಷಂಟ್ ಒಂಬತ್ತಕ್ಕೆ ತೀರಿಕೊಂಡರೆ ಹತ್ತರ ನಾಡಿ ನಿಮ್ಮನ್ನು ಕೋರ್ಟಿಗೆ ಕರೆಯುತ್ತದೆ. ತಪ್ಪಿದರೆ ಒಂದು ಗೆರೆ ಎಳೆದು ಸಹಿ, ಸಮಯ ಹಾಕಿ. ವೈಟ್ನರ್ ಬೇಡ. "ಪೇಷಂಟ್ ಜಗಳಗಂಟ" ಅಂತ ಬರೆಯಬೇಡಿ, "ಇಂಜೆಕ್ಷನ್ ಬೇಡ ಎಂದು ಜೋರಾಗಿ ಹೇಳಿದರು" ಅಂತ ಬರೆಯಿರಿ.

9. ಡಾಕ್ಟರ್ ಹೇಳಿದ್ದು ತಪ್ಪು ಅನ್ನಿಸಿದರೆ

ಹೊಸಬರಿಗೆ ಇದೇ ಜಾಸ್ತಿ ಭಯ. ಜಗಳ ಬೇಕಿಲ್ಲ, ಪ್ರಶ್ನೆ ಸಾಕು. "ಸರ್, ಪೆನ್ಸಿಲಿನ್ ಆಗುವುದಿಲ್ಲ ಅಂತ ಪೇಷಂಟ್ ಹೇಳುತ್ತಿದ್ದಾರೆ, ಆದರೂ ಇದನ್ನೇ ಕೊಡಲೇ?" ಅಂತ ಕೇಳಿ. ಫೋನಿನಲ್ಲಾದರೆ ನಾಲ್ಕು ಮಾತಿನಲ್ಲಿ ಹೇಳಿ: ಈಗ ಏನಾಗಿದೆ, ಹಿಂದೆ ಏನಿತ್ತು, ನಾನು ನೋಡಿದ್ದು ಏನು, ನಿಮ್ಮಿಂದ ಏನು ಬೇಕು. ಎಸ್‌ಬಿಎಆರ್ ಅಂತ ಕಲಿಸುವುದು ಇದನ್ನೇ. ಅವರು ಹೇಳಿದ್ದನ್ನು ವಾಪಸ್ ಓದಿ ಹೇಳಿ, ಬರೆದುಕೊಳ್ಳಿ, ಬಂದಾಗ ಸಹಿ ಮಾಡಿಸಿಕೊಳ್ಳಿ.

ಆಮೇಲೂ ಸರಿ ಅನ್ನಿಸದಿದ್ದರೆ ಇನ್‌ಚಾರ್ಜ್ ಸಿಸ್ಟರ್, ಅವರ ಮೇಲೆ ನರ್ಸಿಂಗ್ ಸೂಪರಿಂಟೆಂಡೆಂಟ್, ಅತ್ತ ಯೂನಿಟ್ಟಿನ ಹಿರಿಯ ಡಾಕ್ಟರ್. ರಾತ್ರಿ ಎರಡು ಗಂಟೆ ಆಗಿದೆ, ಎಬ್ಬಿಸುವುದು ಹೇಗೆ ಅಂತ ಅಳುಕಬೇಡಿ. ಯಾರಿಗೆ, ಎಷ್ಟು ಗಂಟೆಗೆ ಫೋನ್ ಮಾಡಿದಿರಿ, ಎತ್ತಿದರೋ ಇಲ್ಲವೋ, ಡೈರಿಯಲ್ಲಿ ಪೇಷಂಟ್ ಹೆಸರಿಲ್ಲದೆ ಗುರುತು ಮಾಡಿಕೊಂಡು ನರ್ಸಸ್ ನೋಟ್ಸಿನಲ್ಲಿ ಪೂರ್ತಿ ಬರೆಯಿರಿ. ಅಲ್ಲಿಯವರೆಗೆ ಆ ಇಂಜೆಕ್ಷನ್ ಟ್ರೇಯಲ್ಲೇ ಇರಲಿ. ಪೇಷಂಟ್ "ಯಾಕ ತಡಾ ಆತು ಸಿಸ್ಟರ್?" ಅಂದರೆ "ಒಂದು ಸಂಶಯ ಇತ್ರಿ, ಕೇಳಾಕತ್ತೀನಿ" ಅನ್ನಿ.